ಹೆಡ್ ಬಿಚ್ಚಿಸುವ ಮುನ್ನ ಒಂದು ಗಂಟೆ



ಬೆಳಿಗ್ಗೆ ಎದ್ದು ಹೊಳೆಯ ದಂಡೆಗೆ ಹೋಗಿ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕುತ್ತೀರಿ. ಇಂಜಿನ್ ಎರಡು ಸಲ ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತದೆ. ತೋಳು ಸೋಲುವವರೆಗೆ ತಿರುಗಿಸಿದರೂ ಹಿಡಿಯುವುದಿಲ್ಲ. ಅತ್ತ ಮೆಣಸಿನ ಸಸಿ ಬಾಡುತ್ತಿದೆ. ಮೆಕ್ಯಾನಿಕ್ ಬಂದು ಫ್ಲೈವೀಲನ್ನು ಒಂದು ಸುತ್ತು ತಿರುಗಿಸಿ, "ಕಂಪ್ರೆಷನ್ ಹೋಗಿದೆ, ಬೋರ್ ಮಾಡಿಸಬೇಕು" ಎನ್ನುತ್ತಾರೆ. ಬೇರೆ ದಾರಿ ಕಾಣದೆ ನೀವು ತಲೆಯಾಡಿಸುತ್ತೀರಿ. ಇಂಜಿನ್ ಪೇಟೆಗೆ ಹೋಗುತ್ತದೆ, ಅದರ ಹಿಂದೆ ಸಾವಿರಾರು ರೂಪಾಯಿಯೂ ಹೋಗುತ್ತದೆ.

ಕಂಪ್ರೆಷನ್ ಹೋಗಿರುವುದು ನಿಜವೇ ಇರಬಹುದು. ಆದರೆ ಅದು ಯಾವ ದಾರಿಯಿಂದ ಹೋಗುತ್ತಿದೆ ಎಂದು ತಿಳಿಯದೆ ಇಂಜಿನ್ ಬಿಚ್ಚಲು ಒಪ್ಪಿಗೆ ಕೊಡಬಾರದು. ಇದನ್ನು ಕಂಡುಕೊಳ್ಳುವುದು ನಿಮ್ಮಿಂದಲೇ ಆಗುವ ಕೆಲಸ. ಎತ್ತು ಕುಂಟಿದರೆ ಮೊದಲು ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ಎಂದು ನೋಡುತ್ತೀರಿ, ಆಮೇಲೆ ಪಶುವೈದ್ಯರ ಬಳಿಗೆ ಹೋಗುತ್ತೀರಿ. ಇಂಜಿನ್ನಿನ ವಿಷಯದಲ್ಲಿ ಮಾತ್ರ ಬೇರೆ ನ್ಯಾಯವೇಕೆ?

ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ನು ಸುಮಾರು 16ರಿಂದ 18ರಲ್ಲಿ ಒಂದು ಪಾಲಿಗೆ ಅಮುಕಿದಾಗ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಗಾಳಿ ಸೋರಿದರೆ ಕಾವು ಸಾಲದು, ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬೀಳುತ್ತದೆ.

ಗಾಳಿ ಸೋರಲು ಬಹಳ ಸಲ ಕಾರಣವಾಗುವುದು ವಾಲ್ವಿನ ಸಂದು. ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರಲೇಬೇಕು. ಕಾದಾಗ ಕಬ್ಬಿಣ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಹೊಗೆ ಹೋಗುವ ವಾಲ್ವು ಹೀಗೆ ಅರೆ ತೆರೆದಿದ್ದರೆ ಬೆಂಕಿಗೆ ಸಿಕ್ಕಿ ಅಂಚು ಸುಟ್ಟುಹೋಗುತ್ತದೆ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಗಾಳಿ ಸಾಲದೆ ಕಪ್ಪು ಹೊಗೆ ಕಾಣಬಹುದು. ಸದ್ದು ಮಾಡುವ ಸಡಿಲಕ್ಕಿಂತ ಸದ್ದಿಲ್ಲದ ಬಿಗಿಯೇ ಹೆಚ್ಚು ಅಪಾಯ.

ಸಂದು ಸರಿಪಡಿಸುವ ಕ್ರಮ ಹೀಗೆ. ಇಂಜಿನ್ ಪೂರ್ತಿ ತಣ್ಣಗಿರಲಿ. ನಿಲ್ಲಿಸುವ ಲಿವರನ್ನು ಎಳೆದು ಡೀಸೆಲ್ ಬರದಂತೆ ಮಾಡಿರಿ. ಟ್ಯಾಂಕಿನ ನಲ್ಲಿ ಮುಚ್ಚಿದರಷ್ಟೇ ಸಾಲದು, ಪಂಪಿನಲ್ಲಿ ಡೀಸೆಲ್ ಉಳಿದಿರುತ್ತದೆ. ಡಿಕಂಪ್ರೆಷನ್ ಲಿವರ್ ಓಡುವ ಸ್ಥಾನದಲ್ಲಿರಲಿ, ಇಲ್ಲವಾದರೆ ಅದು ವಾಲ್ವನ್ನು ಎತ್ತಿ ಹಿಡಿದು ಅಳತೆ ತಪ್ಪಿಸುತ್ತದೆ. ಮೇಲಿನ ಮುಚ್ಚಳ ತೆಗೆದು, ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿರಿ. ಗಾಳಿ ಎಳೆಯುವ ವಾಲ್ವು ಕೆಳಗಿಳಿದು ಮತ್ತೆ ಮೇಲೆದ್ದ ನಂತರ, ಪಿಸ್ಟನ್ ಮೇಲಿನ ತುದಿಗೆ ಬಂದಿದೆ ಎಂದು ತೋರಿಸುವ ಗುರುತಿಗೆ ತಂದು ನಿಲ್ಲಿಸಿರಿ. ಈ ಗುರುತು 2 ಸುತ್ತಿನಲ್ಲಿ 2 ಬಾರಿ ಬರುತ್ತದೆ. ಎರಡೂ ವಾಲ್ವು ಮುಚ್ಚಿರುವ ಸಲವೇ ಸರಿಯಾದದ್ದು.

ಈಗ ಫೀಲರ್ ಗೇಜಿನ ತಕ್ಕ ಎಲೆಯನ್ನು ಸಂದಿಗೆ ತೂರಿಸಿರಿ. ಅಳತೆ ಎಷ್ಟೆಂಬುದನ್ನು ಇಂಜಿನ್ನಿನ ಪುಸ್ತಕದಲ್ಲಿಯೇ ನೋಡಬೇಕು. ಒಂದೊಂದು ಇಂಜಿನ್ನಿಗೆ ಒಂದೊಂದು, ಎರಡು ವಾಲ್ವಿಗೂ ಒಂದೇ ಇರಬೇಕೆಂದಿಲ್ಲ. ಹ್ಯಾಕ್ಸಾ ಬ್ಲೇಡಿನ ಚೂರು ಇಟ್ಟು ಅಂದಾಜು ಮಾಡುವವರನ್ನು ಕಂಡಿದ್ದೇವೆ. ಆ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ.; ಬೇಕಾದ ಸಂದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ, ಎಲೆ ತುಸು ಹಿಡಿದುಕೊಂಡು ಜಾರುವಂತೆ ಮಾಡಿರಿ. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿ ಮಾಡಿ, 2 ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ.

ಸಂದು ಸರಿಯಾದ ಮೇಲೆ ಕಂಪ್ರೆಷನ್ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಡೀಸೆಲ್ ಬಂದ್ ಇರಲಿ, ಹ್ಯಾಂಡಲ್ ತೆಗೆದಿಡಿ. ಫ್ಲೈವೀಲನ್ನು ಕೈಯಿಂದ ಕಂಪ್ರೆಷನ್ನಿಗೆ ತಂದು ಒತ್ತಿ ಹಿಡಿಯಿರಿ. ಒಳ್ಳೆಯ ಇಂಜಿನ್ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತದೆ. ಸೋತ ಇಂಜಿನ್ ಸುಯ್ ಎಂದು ಜಾರಿಕೊಡುತ್ತದೆ. ಎರಡನೆಯವರು ಆಗ ಕಿವಿಗೊಡಬೇಕು. ಸದ್ದು ಏರ್ ಕ್ಲೀನರಿನಲ್ಲಿ ಕೇಳಿದರೆ ಗಾಳಿಯ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊಗೆಯ ವಾಲ್ವು ಸೋರುತ್ತಿದೆ. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗು ಅಥವಾ ಲೈನರ್ ಸವೆದಿದೆ. ನೀರಿನಿಂದ ತಣಿಯುವ ಇಂಜಿನ್ನಿನ ತೊಟ್ಟಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಿರಿ. ಇಂಜೆಕ್ಟರಿನ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದೇ ಎಂದೂ ನೋಡಿರಿ. ಎಲ್ಲಿಯೂ ಸೋರದೆ ಫ್ಲೈವೀಲು ಬಲವಾಗಿ ತಳ್ಳಿದರೆ ದೋಷ ಕಂಪ್ರೆಷನ್ನಿನದಲ್ಲ. ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಇಂಜೆಕ್ಟರ್ ಇವುಗಳ ಕಡೆ ತಿರುಗಿರಿ.

ಈ ವ್ಯತ್ಯಾಸದಲ್ಲಿಯೇ ನಿಮ್ಮ ಹಣ ಇದೆ. ಸೋರುವುದು ವಾಲ್ವಾದರೆ ಹೆಡ್ ಬಿಚ್ಚಿ ವಾಲ್ವು ಉಜ್ಜಿಸಿದರೆ ಸಾಕಾಗಬಹುದು, ಬೋರಿನ ಮಾತೇ ಇಲ್ಲ. ಗ್ಯಾಸ್ಕೆಟ್ಟಾದರೆ ಇನ್ನೂ ಕಡಿಮೆ. ರಿಂಗು, ಲೈನರ್ ಸವೆದಿದ್ದರೆ ಮಾತ್ರ ದೊಡ್ಡ ಖರ್ಚಿಗೆ ಅರ್ಥ ಉಂಟು. ಆಗಲೂ ಸವೆತ ಎಷ್ಟೆಂದು ಅಳೆದು ತೋರಿಸಿರೆಂದು ಕೇಳುವುದು ನಿಮ್ಮ ಹಕ್ಕು.

"ಕರೆಂಟು ಇರುವಾಗ ಇಂಜಿನ್ನಿನ ಪುರಾಣ ಯಾರಿಗೆ ಬೇಕು?" ಎನ್ನುವವರಿದ್ದಾರೆ. ಲೈನು ಇಲ್ಲದ ಹೊಳೆಯ ದಂಡೆಗೆ, ತ್ರೀ ಫೇಸ್ ಕೈಕೊಟ್ಟ ದಿನಕ್ಕೆ ಇಂಜಿನ್ ಇಂದಿಗೂ ಬೇಕು. ಪವರ್ ಟಿಲ್ಲರಿನೊಳಗೆ ಇರುವುದೂ ಇಂಥದೇ ಇಂಜಿನ್. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಇಂಜಿನ್ ಅವಸರದ ದಿನವೇ ಹಟ ಹಿಡಿಯುವುದು. ನಿಲ್ಲಿಸಿಡುವಾಗ ಎರಡೂ ವಾಲ್ವು ಮುಚ್ಚಿರುವ ಸ್ಥಾನಕ್ಕೆ ತಂದು ನಿಲ್ಲಿಸಿದರೆ ಮಳೆಗಾಲದ ತೇವ ಒಳಹೋಗಿ ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ.

ಮೆಕ್ಯಾನಿಕ್ಕರ ಮೇಲೆ ಅಪನಂಬಿಕೆ ಬೆಳೆಸಲು ಇದನ್ನು ಬರೆದದ್ದಲ್ಲ. ಒಳ್ಳೆಯ ಕೆಲಸಗಾರನು ತಿಳಿದು ಕೇಳುವ ರೈತನನ್ನು ಗೌರವಿಸುತ್ತಾನೆ. ಫೀಲರ್ ಗೇಜಿನ ಬೆಲೆ ಮೆಕ್ಯಾನಿಕ್ಕರ ಒಂದು ಭೇಟಿಯ ಖರ್ಚಿಗಿಂತ ಹೆಚ್ಚಲ್ಲ. ಈ ಪುಟವನ್ನು ವಾಚನಾಲಯದಲ್ಲಿ ಓದುತ್ತಿರುವ ನಾಲ್ಕು ಮಂದಿ ಸೇರಿ ಒಂದು ಕೊಂಡು ಅಲ್ಲಿಯೇ ಇಡಿರಿ. ಬರುವ ವಾರ ಯಾರದಾದರೂ ಒಂದು ಇಂಜಿನ್ನಿನ ಮುಚ್ಚಳ ತೆಗೆದು ಎಲ್ಲರೂ ನೋಡಿರಿ. ನೀರು ಬೇಕಾದ ದಿನಕ್ಕೆ ಮುಂಚೆಯೇ ಆ ಕೆಲಸ ಆಗಲಿ.