ನಮ್ಮ ಚಿತ್ರ, ಯಾರ ದನಿಯಲ್ಲಿ?

2022ರ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ ತೆರೆಕಂಡು, ಕರಾವಳಿಯ ದೈವಾರಾಧನೆಯ ಕಥೆಯೊಂದು ದೇಶದ ಉದ್ದಗಲಕ್ಕೂ ಜನರನ್ನು ಚಿತ್ರಮಂದಿರಗಳತ್ತ ಸೆಳೆದಾಗ ಹೊರನಾಡ ಕನ್ನಡಿಗರ ಎದೆ ಹಿಗ್ಗಿದ್ದು ಸಹಜವೇ ಆಗಿತ್ತು. ಎರಡು ವಾರಗಳ ಬಳಿಕ ಅದರ ಹಿಂದಿ ಅವತರಣಿಕೆಯೂ ಬಂದಿತು. ಅದುವರೆಗೆ ಒಂದೇ ಒಂದು ಕನ್ನಡ ಚಿತ್ರದ ಹೆಸರನ್ನೂ ಕೇಳಿರದ ನೆರೆಹೊರೆಯವರು ‘ನಿಮ್ಮ ಕಡೆಯ ಚಿತ್ರ ನೋಡಿದೆವು’ ಎಂದು ಕೈಕುಲುಕಿದರು. ಈ ಸಂಭ್ರಮದ ನಡುವೆ ಒಂದು ಸಂಗತಿ ನಮ್ಮ ಗಮನಕ್ಕೆ ಬಾರದೆ ಜಾರಿಹೋಯಿತು. ನಮ್ಮ ಮನೆಗಳ ಮಕ್ಕಳಲ್ಲಿ ಹಲವರು ಆ ಚಿತ್ರವನ್ನು ನೋಡಿದ್ದು ಹಿಂದಿಯಲ್ಲಿ. ಕಥೆ ಕನ್ನಡದ್ದು, ನೆಲ ಕನ್ನಡದ್ದು, ನಟರು ಕನ್ನಡಿಗರು. ಕಿವಿಗೆ ಬಿದ್ದ ಮಾತು ಮಾತ್ರ ಬೇರೆಯದು.

ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬೇಕೆ ಬೇಡವೆ ಎಂಬ ಬಗ್ಗೆ ಕರ್ನಾಟಕದಲ್ಲಿ 1960ರ ದಶಕದಿಂದಲೂ ವಾದ ನಡೆದಿದೆ. ದಶಕಗಳ ಕಾಲ ಅಲಿಖಿತ ನಿಷೇಧವೊಂದು ಜಾರಿಯಲ್ಲಿತ್ತು. ಅಂಥ ಅಡ್ಡಿ ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶ ನೀಡಿತು. ಆ ವಾದದ ಎರಡೂ ಕಡೆಗಳಲ್ಲಿ ಸತ್ಯಾಂಶವಿತ್ತು. ಆದರೆ ಅದೆಲ್ಲವೂ ಕನ್ನಡದೊಳಕ್ಕೆ ಬರುವ ಚಿತ್ರಗಳ ಕುರಿತಾದ ವಾದವಾಗಿತ್ತು. ಕನ್ನಡದಿಂದ ಹೊರಕ್ಕೆ ಹೋಗುವ ಚಿತ್ರವು ತನ್ನ ದನಿಯನ್ನು ಕಳಚಿಟ್ಟು ಹೋದಾಗ ಹೊರನಾಡಿನ ಕನ್ನಡ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರು ಕೇಳಿಕೊಳ್ಳಬೇಕಾಗಿರಲಿಲ್ಲ. ಕೇಳಿಕೊಳ್ಳಬೇಕಾದವರು ನಾವು. ಹಿಂದಿ ಅವತರಣಿಕೆಯ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅದು ನೆರೆಯವರಿಗಾಗಿ ಬಂದದ್ದು. ಅದು ನಮ್ಮ ಮನೆಯವರಿಗೂ ಸಾಕೆನಿಸಿತಲ್ಲ, ಚಿಂತೆ ಇರುವುದು ಅಲ್ಲಿ.

ನಮ್ಮ ಸಚಿನ್ ವಲಸಿಗರಿಗೆ ಹೊಸದಲ್ಲ. ಸೂರತ್ತಿನ ದಕ್ಷಿಣಕ್ಕೆ, ಮುಂಬಯಿ ರೈಲುಮಾರ್ಗದಲ್ಲಿರುವ ಈ ಊರು ಒಂದು ಕಾಲಕ್ಕೆ ಆಫ್ರಿಕ ಮೂಲದ ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಇಂದು ಜಿ.ಐ.ಡಿ.ಸಿ. ಕೈಗಾರಿಕಾ ವಸಾಹತು ಒಡಿಶಾ, ಬಿಹಾರ, ಉತ್ತರ ಪ್ರದೇಶಗಳ ಕಾರ್ಮಿಕರಿಂದ ತುಂಬಿದೆ. ಈ ಜನಸಾಗರದಲ್ಲಿ ಕನ್ನಡಿಗರು ಹಿಡಿಯಷ್ಟು. ಮಕ್ಕಳು ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷ್ ಕಲಿಯುತ್ತಾರೆ. ಕನ್ನಡ ಲಿಪಿ ಹಲವರ ಕೈಗೆ ಹತ್ತಿಲ್ಲ. ಕಿವಿಗೆ ಮಾತ್ರ ಕನ್ನಡ ಇನ್ನೂ ಉಳಿದಿದೆ. ಆ ಕಿವಿಯೂ ಕೇಳುವುದು ತಂದೆಯ ಮತ್ತು ತಾಯಿಯ ಎರಡೇ ಕಂಠಗಳನ್ನು. ಊಟ, ಸ್ನಾನ, ಪರೀಕ್ಷೆ, ಗದರಿಕೆ ಇವುಗಳಾಚೆಗೆ ಆ ಮಾತು ದಾಟುವುದು ಅಪರೂಪ. ಭಾಷೆಯೊಂದರಲ್ಲಿ ಪ್ರೀತಿಸುವವರು, ಜಗಳವಾಡುವವರು, ಸುಳ್ಳು ಹೇಳುವವರು, ಅಳುವವರು ಎಲ್ಲರೂ ಇದ್ದಾರೆಂದು ಮಗುವಿಗೆ ತಿಳಿಯುವುದು ಹೇಗೆ?

ಚಲನಚಿತ್ರದ ನಿಜವಾದ ಉಪಕಾರ ಇಲ್ಲಿದೆ. ‘ಕಾಂತಾರ’ದಲ್ಲಿ ಕುಂದಾಪುರ ಸೀಮೆಯ ಮಾತಿದೆ. ‘ನಾಗಮಂಡಲ’ದಲ್ಲಿ ಉತ್ತರ ಕರ್ನಾಟಕದ ನುಡಿಯಿದೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಗರೇ ಪಾತ್ರಧಾರಿಗಳಾಗಿ ತಮ್ಮ ಮಾತನ್ನೇ ಆಡಿದ್ದಾರೆ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವವು ಆ ಚಿತ್ರವನ್ನು ಪುರಸ್ಕರಿಸಿತು. ಮನೆಯಲ್ಲಿ ಒಂದೇ ಬಗೆಯ ಕನ್ನಡ ಕೇಳಿ ಬೆಳೆದ ಹುಡುಗನಿಗೆ ಕನ್ನಡವು ಒಂದಲ್ಲ, ಹಲವು ಎಂಬುದು ಇಂಥ ಮೂರು ಚಿತ್ರಗಳಿಂದ ತಿಳಿದೀತು. ಡಬ್ಬಿಂಗಿನಲ್ಲಿ ಮೊದಲು ಅಳಿಸಿಹೋಗುವುದೂ ಇದೇ ವೈವಿಧ್ಯ.

ಕನ್ನಡ ವಾಕ್ಚಿತ್ರ ಹುಟ್ಟಿದ್ದೇ ಹೊರನಾಡಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಬಂಡವಾಳ ಹೂಡಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ರಾಜಸ್ಥಾನ ಮೂಲದ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ತನ್ನದಲ್ಲದ ಊರಿಗೆ ಬಂದವರೊಬ್ಬರು, ತನ್ನದಲ್ಲದ ಭಾಷೆಗೆ ದನಿ ಕೊಡಲು ಹಣ ಕೊಟ್ಟರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕಾಪಾಡಿಕೊಳ್ಳದ ಚಿತ್ರ ಹೇಗೆ ಹೇಳಹೆಸರಿಲ್ಲದೆ ಹೋಗುತ್ತದೋ, ಯಾರೂ ಮತ್ತೊಬ್ಬರಿಗೆ ಹೇಳದ ಚಿತ್ರವೂ ಹಾಗೆಯೇ ಹೋಗುತ್ತದೆ.

ಚಿತ್ರವನ್ನು ಹಂಚಿಕೊಳ್ಳುವುದೆಂದರೇನು ಎಂಬುದಕ್ಕೆ ನಾವು ನೆಲೆಸಿರುವ ಗುಜರಾತವೇ ದೊಡ್ಡ ನಿದರ್ಶನವಿತ್ತಿದೆ. 1976ರಲ್ಲಿ ಶ್ಯಾಮ್ ಬೆನಗಲ್ ‘ಮಂಥನ್’ ಚಿತ್ರವನ್ನು ನಿರ್ದೇಶಿಸಿದಾಗ ಈ ರಾಜ್ಯದ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ನೀಡಿ ಅದರ ನಿರ್ಮಾಪಕರಾದರು. ತೆರೆಕಂಡಾಗ ಅದೇ ರೈತರು ಹಳ್ಳಿಗಳಿಂದ ಲಾರಿಗಳಲ್ಲಿ ಬಂದು ‘ತಮ್ಮ’ ಚಿತ್ರವನ್ನು ನೋಡಿದರು. ಅದರಲ್ಲಿ ಪಶುವೈದ್ಯ ಡಾ. ರಾವ್ ಆಗಿ ಅಭಿನಯಿಸಿದವರು ನಮ್ಮ ಗಿರೀಶ ಕಾರ್ನಾಡರು. ಜೊತೆಗೆ ಅನಂತನಾಗ್ ಅವರೂ ಇದ್ದರು. ಹೊರಗಿನಿಂದ ಬಂದ ಅಧಿಕಾರಿಯೊಬ್ಬ ಗುಜರಾತಿನ ಹಳ್ಳಿಯೊಂದನ್ನು ಅರಿಯಲೆತ್ನಿಸುವ ಆ ಕಥೆ ಇಲ್ಲಿ ನೌಕರಿ ಮಾಡುವ ನಮ್ಮಂಥವರದೂ ಹೌದು. ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದೇ ವರ್ಷ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಹೊಸ ಜೀವ ಪಡೆದು ವೆನಿಸ್ಸಿನಲ್ಲಿ ಕಾಣಿಸಿಕೊಂಡಿತು. ಒಂದು ನಮ್ಮ ಹುಟ್ಟುನಾಡಿನದು, ಒಂದು ಬಾಳುನಾಡಿನದು. ಎರಡನ್ನೂ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಪಾನ್ ನಳಿನ್ ಅವರ ಗುಜರಾತಿ ಚಿತ್ರ ‘ಛೆಲ್ಲೋ ಶೋ’ ಇನ್ನೂ ಹತ್ತಿರದ ಮಾತನ್ನು ಹೇಳುತ್ತದೆ. ಸೌರಾಷ್ಟ್ರದ ರೈಲು ನಿಲ್ದಾಣದಲ್ಲಿ ಚಹಾ ಮಾರುವವನ ಮಗ ಸಮಯ್, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಪ್ರೊಜೆಕ್ಟರ್ ನಡೆಸುವ ಫಜಲನಿಗೆ ಕೊಟ್ಟು, ಬದಲಿಗೆ ಆ ಕೋಣೆಯ ಕಿಂಡಿಯಿಂದ ಚಿತ್ರ ನೋಡುತ್ತಾನೆ. ನೋಡಿ ಸುಮ್ಮನಿರಲಾರದೆ, ಗೆಳೆಯರಿಗೆ ತೋರಿಸಲು ಹಾಳುಬಿದ್ದ ಸಾಮಾನುಗಳಿಂದ ತಾನೇ ಯಂತ್ರವೊಂದನ್ನು ಹೂಡುತ್ತಾನೆ. ಕೊನೆಗೆ ಹಳೆಯ ರೀಲುಗಳು ಕರಗಿ ಬಣ್ಣದ ಬಳೆಗಳಾಗುವುದನ್ನು ಕಾಣುತ್ತಾನೆ. ಸಿನಿಮಾ ಪ್ರೀತಿಯ ಲಕ್ಷಣವನ್ನು ಆ ಹುಡುಗ ಪಂಡಿತರಿಗಿಂತ ಚೆನ್ನಾಗಿ ಬಲ್ಲ: ಕಂಡದ್ದನ್ನು ಇನ್ನೊಬ್ಬರಿಗೆ ಕಾಣಿಸುವವರೆಗೆ ಅವನಿಗೆ ನೆಮ್ಮದಿಯಿಲ್ಲ.

ಸಿನಿಮಾ ಹಗುರವಾದ ವಸ್ತು, ಸಂಘದ ಕೆಲಸ ಸಾಹಿತ್ಯ ಮತ್ತು ಭಾಷೆ ಎಂದು ಹಿರಿಯರು ಆಕ್ಷೇಪಿಸಬಹುದು. ಅವರಿಗೆ ‘ತಬರನ ಕಥೆ’ಯನ್ನು ನೆನಪಿಸಬಯಸುತ್ತೇವೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ಈ ಚಿತ್ರಕ್ಕೆ 1986ರ ಸಾಲಿನ ಸ್ವರ್ಣಕಮಲ ಸಂದಿತು. ನಿವೃತ್ತ ಜವಾನ ತಬರ, ಕೊಳೆಯುತ್ತಿರುವ ಹೆಂಡತಿಯ ಕಾಲಿನ ಚಿಕಿತ್ಸೆಗಾಗಿ ತನ್ನ ಪಿಂಚಣಿಯನ್ನು ಬೇಡುತ್ತ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣ ಮಂಜೂರಾಗುವ ಹೊತ್ತಿಗೆ ಹೆಂಡತಿ ಇಲ್ಲ. ಸರ್ಕಾರಿ ಕಡತಗಳೊಡನೆ ಬಾಳು ಸವೆಸುವ ನಮ್ಮಂಥವರು ಅದನ್ನು ಒಮ್ಮೆ ನೋಡಿದ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಬರೆಯುವಾಗ ಲೇಖನಿ ಒಂದು ಕ್ಷಣ ತಡೆಯುತ್ತದೆ. ಯಾವ ಸುತ್ತೋಲೆಯೂ ಮಾಡದ ಕೆಲಸವದು. ತಬರನಾಗಿ ರಾಷ್ಟ್ರಪ್ರಶಸ್ತಿ ಪಡೆದ ಚಾರುಹಾಸನ್ ತಮಿಳುನಾಡಿನವರು ಎಂಬುದೂ ಗಮನಾರ್ಹ.

ಗಂಭೀರ ಚಿತ್ರಗಳು ಸಾಮಾನ್ಯರಿಗೆ ಹಿಡಿಸವು ಎಂಬುದು ಮತ್ತೊಂದು ಆಕ್ಷೇಪ. ಇದಕ್ಕೆ ಉತ್ತರ ಸಾಗರ ತಾಲೂಕಿನ ಹೆಗ್ಗೋಡಿನಿಂದ ಎಂದೋ ಬಂದಿದೆ. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ನೀನಾಸಮ್ ಚಿತ್ರಸಮಾಜವು 1970ರ ದಶಕದಲ್ಲೇ ಅಡಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ಗಳನ್ನು ತೋರಿಸಿತು. ಚಿತ್ರಗಳ ಬಗ್ಗೆ ಕನ್ನಡದಲ್ಲಿ ವಿವರಿಸಿ, ಊರವರ ಅಭಿಪ್ರಾಯಗಳನ್ನು ಕೇಳಿಕೊಂಡಿತು. ಕೂಲಿಕಾರರೂ ರೈತರೂ ಅವನ್ನು ತಮ್ಮ ಬದುಕಿನ ಮಾತಾಗಿಯೇ ಗ್ರಹಿಸಿದರು. ಹೆಗ್ಗೋಡಿಗೆ ಸಾಧ್ಯವಾದದ್ದು, ವಿದ್ಯಾವಂತರೆನಿಸಿಕೊಂಡ ನಮಗೇಕೆ ಅಸಾಧ್ಯ?

ನಮ್ಮ ಸಂಘಗಳಲ್ಲಿ ಇಂದು ಸಿನಿಮಾ ಕಾಣಿಸುವುದು ರಾಜ್ಯೋತ್ಸವದ ವೇದಿಕೆಯ ಮೇಲೆ ಮಾತ್ರ. ಧ್ವನಿಮುದ್ರಿತ ಹಾಡಿಗೆ ಮಕ್ಕಳು ಹೆಜ್ಜೆ ಹಾಕುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಹಾಡಿನ ಅರ್ಥವೇನೆಂದು ಕುಣಿದ ಮಗುವನ್ನು ಯಾರೂ ಕೇಳುವುದಿಲ್ಲ. ಉಳಿದ ದಿನಗಳಲ್ಲಿ ಮನೆಯ ನಾಲ್ವರೂ ನಾಲ್ಕು ಮೊಬೈಲುಗಳಲ್ಲಿ ನಾಲ್ಕು ಚಿತ್ರಗಳನ್ನು ನೋಡುತ್ತಾರೆ. ಹಿಂದೆ ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಮಾಲೆಯಲ್ಲಿ ಕನ್ನಡದ ಸರದಿ ಬರಲು ವಾರಗಟ್ಟಲೆ ಕಾಯಬೇಕಾಗಿತ್ತು; ಆದರೆ ಬಂದ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದರು, ರಾತ್ರಿಯ ಊಟದವರೆಗೆ ಅದರದೇ ಮಾತು. ಈಗ ಚಿತ್ರಗಳು ಧಾರಾಳವಾಗಿ ಸಿಗುತ್ತವೆ, ಅವುಗಳ ಸುತ್ತಲಿನ ಮಾತು ನಿಂತಿದೆ. ಹೊರನಾಡಿನಲ್ಲಿ ಭಾಷೆಗೆ ಬೇಕಾದದ್ದು ಆ ಮಾತೇ.

ಆದ್ದರಿಂದ ಸಂಘದ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇವೆ. ತಿಂಗಳಿಗೊಂದು ಕನ್ನಡ ಚಿತ್ರವನ್ನು ಮೂಲ ದನಿಯಲ್ಲಿಯೇ, ಸಾಧ್ಯವಾದರೆ ಇಂಗ್ಲಿಷ್ ಅಡಿಬರಹಗಳೊಡನೆ, ಸಾಮೂಹಿಕವಾಗಿ ನೋಡೋಣ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು. ಮನೆಯ ಚಂದಾ ಸಭಾಂಗಣಕ್ಕೆ ಸಲ್ಲದು. ಕಾರ್ಯಕಾರಿ ಸಮಿತಿಯು ಮೊದಲೇ ಪತ್ರ ಬರೆದು ಅನುಮತಿ ಪಡೆಯಲಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ ಇರಲಿ. ಮೊದಲ ಮಾತು ಸಭೆಯಲ್ಲಿನ ಅತಿ ಕಿರಿಯರದಾಗಲಿ. ಕನ್ನಡ ತಡವರಿಸಿದರೆ ಹಿರಿಯರು ನಗದಿರಲಿ, ತಿದ್ದಲೂ ಅವಸರಿಸದಿರಲಿ. ವರ್ಷಕ್ಕೆರಡು ಬಾರಿ ಗುಜರಾತಿ ಚಿತ್ರವೊಂದನ್ನು ನೆರೆಯವರೊಡನೆ ಕೂತು ನೋಡೋಣ. ನಮ್ಮ ಚಿತ್ರವನ್ನು ಅವರು ನೋಡಲೆಂದು ಬಯಸುವ ನಮಗೆ ಅವರದನ್ನು ನೋಡುವ ಋಣವೂ ಉಂಟು.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಎರಡು ಪುಟಗಳನ್ನು ಓದುಗರು ನೋಡಿದ ಚಿತ್ರಗಳಿಗೆ ಮೀಸಲಿಡಲಾಗುವುದು. ವಿಮರ್ಶೆಯ ಪರಿಭಾಷೆ ಬೇಕಿಲ್ಲ. ನೋಡಿದ್ದು ಯಾವುದು, ಮನಸ್ಸಿನಲ್ಲಿ ನಿಂತದ್ದು ಏನು, ಯಾರಿಗೆ ತೋರಿಸಬೇಕೆನಿಸಿತು, ಇಷ್ಟನ್ನು ಬರೆದರೆ ಸಾಕು. ಕನ್ನಡ ಬರೆಯಲು ಬಾರದ ಮಕ್ಕಳು ಬಾಯಲ್ಲಿ ಹೇಳಲಿ, ತಂದೆತಾಯಿ ಬರೆದುಕೊಳ್ಳಲಿ. ಹಾಗೆ ಬರೆದುಕೊಳ್ಳುವಾಗ ಮಗುವಿನ ಒಂದು ಮಾತು ಅರ್ಥವಾಗದೆ ‘ಇನ್ನೊಮ್ಮೆ ಹೇಳು’ ಎಂದು ಕೇಳಬೇಕಾಗಬಹುದು. ಆ ಹೊತ್ತಿಗೆ ಮನೆಯೊಳಗೆ ಕನ್ನಡದಲ್ಲಿ, ಊಟ–ಪರೀಕ್ಷೆಗಳಾಚೆಗಿನ ಒಂದು ಸಂಭಾಷಣೆ ಶುರುವಾಗಿರುತ್ತದೆ. ಓದುಗರು ತಮ್ಮ ಬರಹಗಳನ್ನು ಸಂಘದ ಕಚೇರಿಗೆ ತಲುಪಿಸಬೇಕೆಂದು ವಿನಂತಿ.