ವಿನೋದದ ತಂಡವೂ ಗೆಲ್ಲಬೇಕು

ಹೆಣ್ಣುಮಕ್ಕಳ ಆಟದ ಪ್ರಸ್ತಾಪ ಬಂದಾಗಲೆಲ್ಲ, ಸೋಲುಗೆಲುವು ಮುಖ್ಯವಲ್ಲ, ಆಡಿದರೆ ಸಾಕು ಎಂದು ಹೇಳುವ ಹಿರಿಯರು ನಮ್ಮಲ್ಲಿ ಬಹುಮಂದಿ. ಮಾತು ಕೇಳಲು ಇಂಪಾಗಿದೆ. ಆದರೆ ಗಂಡುಮಕ್ಕಳ ತಂಡದ ವಿಷಯದಲ್ಲಿ ಈ ಹಿರಿಯರೇ ಅದನ್ನು ಅಷ್ಟು ಸುಲಭವಾಗಿ ಆಡುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಾರವಾರವೂ ಸೋಲುವ ತಂಡವು ಬಹುಕಾಲ ಬಾಳದು. ಅದನ್ನು ಮೊದಲು ಬಿಟ್ಟುಹೋಗುವವಳು ಎಲ್ಲರಿಗಿಂತ ಅಶಕ್ತಳಾದ ಹುಡುಗಿ. ಆಟದಿಂದ ಅತ್ಯಧಿಕ ಪ್ರಯೋಜನವನ್ನು ಹೊಂದತಕ್ಕವಳೂ ಅವಳೇ. ಆದುದರಿಂದ ಬಿಡುವಿನ ವಿನೋದಕ್ಕೆಂದು ಕೂಡಿದ ತಂಡವೂ ಗೆಲ್ಲಲು ಯತ್ನಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಸಂಸಾರ ಹೂಡಿರುವ ಸಹೋದರಿಯರು ಫ್ಲ್ಯಾಗ್ ಫುಟ್ಬಾಲ್ ಎಂಬ ಆಟವನ್ನು ಕಂಡೇ ಇರುವರು. ಉಳಿದವರಿಗಾಗಿ ಎರಡು ಮಾತು ಹೇಳುವೆನು. ಆ ದೇಶದ ಫುಟ್ಬಾಲಿನಲ್ಲಿ ಎದುರಾಳಿಯನ್ನು ಕೆಡಹಿ ತಡೆಯುವರು. ಇದರಲ್ಲಿಯಾದರೋ ಮೈಮೇಲೆ ಬೀಳುವುದು ನಿಷಿದ್ಧ. ಚೆಂಡು ಹಿಡಿದು ಓಡುವವಳ ನಡುಪಟ್ಟಿಯಿಂದ ತೂಗುವ ಬಾವುಟವನ್ನು ಸೆಳೆದರೆ ಅಲ್ಲಿಗೆ ಅವಳ ಓಟ ಮುಗಿಯಿತು. ಪಕ್ಷಕ್ಕೆ ಐವರು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೂ ಪುರುಷರಿಗೂ ಇದನ್ನು ಸೇರಿಸುವ ನಿರ್ಣಯವಾದದ್ದು ನಮ್ಮ ಮುಂಬಯಿಯಲ್ಲಿಯೇ, 1923ರಲ್ಲಲ್ಲ, ಮೊನ್ನೆ ಮೊನ್ನೆ 2023ರ ಅಕ್ಟೋಬರಿನಲ್ಲಿ!

ತಂಡ ಸೋತೊಡನೆ ತಾಯ್ತಂದೆಗಳು ಸೂಚಿಸುವ ಉಪಾಯ ಒಂದೇ: ವೇಗವಾಗಿ ಓಡುವ ಇಬ್ಬರಿಗೇ ಚೆಂಡು ಕೊಡಿರಿ. ಇದು ನ್ಯಾಯವಲ್ಲವೆಂಬುದು ಹಾಗಿರಲಿ, ಲಾಭವೂ ಅಲ್ಲ. ಈ ಆಟದಲ್ಲಿ, ಚೆಂಡನ್ನು ಹಿಂದಕ್ಕೆ ನೀಡಿ ಆಟವನ್ನು ಆರಂಭಿಸುವ ನಡುವಿನ ಹುಡುಗಿಯೂ ಸೇರಿ ಎಲ್ಲರೂ ಎಸೆತವನ್ನು ಹಿಡಿಯಬಹುದು. ಒಬ್ಬಳ ಕಡೆಗೆ ಚೆಂಡು ಎಂದಿಗೂ ಬಾರದೆಂದು ಎದುರಾಳಿಗಳು ತಿಳಿದರೆಂದರೆ, ಅವಳನ್ನು ಕಾಯಬೇಕಾದವಳು ಹೋಗಿ ನಿಮ್ಮ ಜಾಣೆಯನ್ನು ಮುತ್ತುವಳು. ಅಶಕ್ತಳಿಗೆ ಹಿಡಿಯಲು ಕಲಿಸಿದರೆ ಬಲಿಷ್ಠಳಿಗೆ ದಾರಿ ತಾನಾಗಿ ತೆರೆಯುವುದು.

ಲೆಕ್ಕವನ್ನಾದರೂ ನೋಡಿರಿ. ಅಂತರರಾಷ್ಟ್ರೀಯ ನಿಯಮದಂತೆ ಅಂಕಣವು, ಎರಡು ತುದಿಯ ಗುರಿಸ್ಥಳಗಳನ್ನು ಬಿಟ್ಟು, 50 ಗಜ ಉದ್ದ. ತನ್ನ ಕಡೆಯ 5 ಗಜದ ಗೆರೆಯಿಂದ ಹೊರಟ ತಂಡವು 4 ಯತ್ನಗಳೊಳಗೆ ನಡುಗೆರೆಯನ್ನು ಮುಟ್ಟಿದರೆ, ಮುಂದಕ್ಕೆ ಮತ್ತೆ 4 ಯತ್ನಗಳು ದೊರೆಯುವುವು. ನಡುಗೆರೆಗೆ ಇರುವ ದೂರ 20 ಗಜ. ಯತ್ನಕ್ಕೆ 5 ಗಜ ಸಾಗಿದರೆ ಸಾಕು! ಮನೆಯಂಗಳದಲ್ಲಿ ಎಸೆದು ಹಿಡಿಯಬಹುದಾದ ದೂರವಿದು. ಹೀಗಿದ್ದೂ ಬಿಡುವಿನ ತಂಡಗಳು ನೋಟಕರ ಚಪ್ಪಾಳೆಗಾಗಿ ದೂರದ ಎಸೆತಗಳಲ್ಲಿ ಯತ್ನಗಳನ್ನು ಕಳೆಯುತ್ತವೆ. ಚೆಂಡು ನೆಲಕ್ಕೆ ಬಿದ್ದರೆ ಆ ಯತ್ನ ವ್ಯರ್ಥ. ಐದಾರು ಹೂಟಗಳನ್ನು ಕಾಗದದಲ್ಲಿ ಬರೆದು, ಮಣಿಕಟ್ಟಿನ ಪಟ್ಟಿಯಲ್ಲಿಟ್ಟುಕೊಂಡು, ಅವನ್ನೇ ನಿದ್ರೆಯಲ್ಲಿಯೂ ಮರೆಯದಂತೆ ಅಭ್ಯಾಸ ಮಾಡುವುದು ಲೇಸು. ಇಪ್ಪತ್ತು ಹೂಟಗಳನ್ನು ಅರೆಬರೆಯಾಗಿ ಬಲ್ಲ ತಂಡವು ಗೆರೆಯ ಬಳಿಯಲ್ಲಿಯೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು.

ಇದಕ್ಕಿಂತಲೂ ಹೆಚ್ಚಿನದು ಬಾವುಟ ಸೆಳೆಯುವ ಅಭ್ಯಾಸ. ಕಬಡ್ಡಿಯಲ್ಲಿ ಹೇಗಾದರೂ ಹಿಡಿದು ನಿಲ್ಲಿಸಬಹುದು. ಇಲ್ಲಿ ಕೈ ತಪ್ಪಿದರೆ ಅವಳು ಗುರಿ ಮುಟ್ಟಿದಳೆಂದೇ ತಿಳಿಯಬೇಕು, ಎದುರು ಪಕ್ಷಕ್ಕೆ 6 ಅಂಕ. ಓಡುವವಳ ಮುಖವನ್ನಾಗಲಿ ಭುಜವನ್ನಾಗಲಿ ನೋಡಬಾರದು, ಅವು ವಂಚಿಸುವುವು. ಸೊಂಟವನ್ನೇ ನೋಡಬೇಕು. ಹಾರಿ ಬೀಳದೆ, ಸಮೀಪಿಸುತ್ತ ಹೆಜ್ಜೆಗಳನ್ನು ಕಿರಿದು ಮಾಡಿ, ಒಬ್ಬಳು ಒಂದು ಪಕ್ಕವನ್ನು ಕಟ್ಟಿದರೆ ಮತ್ತೊಬ್ಬಳು ಇನ್ನೊಂದು ಪಕ್ಕದಿಂದ ಬರಬೇಕು. ಇದಕ್ಕೆ ದೇಹಬಲ ಬೇಡ, ಎತ್ತರ ಬೇಡ. ಪ್ರತಿ ಅಭ್ಯಾಸದಲ್ಲಿಯೂ ಕಾಲು ಗಂಟೆ ಇದಕ್ಕೆಂದೇ ಮೀಸಲಿಡದ ತಂಡದ ಸೋಲಿಗೆ ನಾನು ಮರುಗುವುದಿಲ್ಲ.

ಬಲವೇ ಎಲ್ಲವೆನ್ನುವವರು 2022ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ವಿಶ್ವಕ್ರೀಡೆಗಳನ್ನು ನೆನೆಯಲಿ. ಆಟ ಹುಟ್ಟಿದ ನಾಡಿನ ಸ್ತ್ರೀಯರನ್ನು ಅವರದೇ ನೆಲದಲ್ಲಿ ಮೆಕ್ಸಿಕೋದ ಸ್ತ್ರೀಯರು ಅಂತಿಮ ಪಂದ್ಯದಲ್ಲಿ 39ಕ್ಕೆ 6ರಂತೆ ಸೋಲಿಸಿದರು.

ತಾಯ್ತಂದೆಗಳಲ್ಲಿ ಒಂದು ಬಿನ್ನಹ. ಮಗಳು ಚೆಂಡನ್ನು ಕೈಬಿಟ್ಟಾಗ ಅಂಚಿನಿಂದ ಕೂಗಿ ಬುದ್ಧಿ ಹೇಳುವುದನ್ನು ಬಿಡಿರಿ; ಅವಳಿಗೆ ಅದು ಆಗಲೇ ತಿಳಿದಿರುತ್ತದೆ. ಅದರ ಬದಲು ಸಂಜೆ ಹಿತ್ತಿಲಿನಲ್ಲಿ 5 ಗಜ ದೂರ ನಿಂತು, ಐವತ್ತು ಸಾರಿ ಅವಳಿಗೆ ಚೆಂಡನ್ನು ಎಸೆಯಿರಿ. ತಂದೆಗೆ ಬಿಡುವಿಲ್ಲದಿದ್ದರೆ ತಾಯಿಯೇ ಎಸೆಯಲಿ.