ಕಮಿಟಿ ಜವಾಬ್ದಾರ ಅಲ್ಲ

ಶರ್ಯತ್ತಿನ ಹ್ಯಾಂಡ್‌ಬಿಲ್ಲುಗಳನ್ನು ಕೂಡಿಡುವ ಚಟ ನನಗೆ. ಟಿಕೋಟಾ ಕಡೆಯವು, ಬಬಲೇಶ್ವರ ಕಡೆಯವು, ಅಥಣಿ ರಸ್ತೆಯ ಚಹಾದಂಗಡಿಯ ಗೋಡೆಯಿಂದ ಕಿತ್ತು ತಂದವು, ಹೀಗೆ ಒಂದು ಕಟ್ಟೇ ಇದೆ. ಎಲ್ಲದರ ಅಚ್ಚೂ ಒಂದೇ. ಮೇಲೆ ದೇವರು, ದೇವರ ಕೆಳಗೆ ಕಪ್ಪು ಕನ್ನಡಕ ಹಾಕಿದ ಇಪ್ಪತ್ತು ಮುಖ, ನಡುವೆ ಕಾಲೆತ್ತಿ ಹಾರುವ ಜೋಡಿ ಕುದುರೆ, ಪಕ್ಕದಲ್ಲಿ ಪ್ರಥಮ, ದ್ವಿತೀಯ, ತೃತೀಯ ಬಹುಮಾನ. ‘ಸಮಸ್ತ ಶರ್ಯತ್ತು ಪ್ರೇಮಿಗಳಿಗೆ ಹಾರ್ದಿಕ ಸ್ವಾಗತ’ ಅಂತ ದಪ್ಪ ಅಕ್ಷರ. ಕಟ್ಟಕಡೆಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿ: ‘ಯಾವುದೇ ಅನಾಹುತಕ್ಕೆ ಕಮಿಟಿ ಜವಾಬ್ದಾರ ಅಲ್ಲ.’

ಕರೆಯುವವರು ಅವರು, ಹೂವಿನ ಹಾರ ಅವರಿಗೆ, ಅನಾಹುತ ಮಾತ್ರ ನಮಗೆ.

ಕುದುರೆ ಓಟ ಅಂದರೆ ಬೆಂಗಳೂರಿನವರ ಕಣ್ಣಿಗೆ ರೇಸ್ ಕೋರ್ಸ್ ಬರುತ್ತದೆ. ನಮ್ಮ ಕಡೆ ಬರುವುದು ಡಾಂಬರು ರಸ್ತೆ. ಸುಗ್ಗಿ ಮುಗಿಯುತ್ತಿದ್ದ ಹಾಗೆ ಜಾತ್ರೆಗಳು ಶುರು, ಜಾತ್ರೆಯ ಬೆನ್ನಿಗೆ ಶರ್ಯತ್ತು. ಹಗೂರ ಗಾಡಿಗೆ ಜೋಡಿ ಕುದುರೆ ಹೂಡಿದ್ದು ಒಂದು ಬಗೆ. ಒಂದು ಕುದುರೆ, ಒಂದು ಎತ್ತು ಹೂಡಿದ್ದು ಇನ್ನೊಂದು ಬಗೆ. ಗಾಡಿಯ ಹಿಂದೆ ಹಾರ್ನ್ ಒತ್ತುತ್ತ, ಕೇಕೆ ಹಾಕುತ್ತ ಮೂವತ್ತು ನಲವತ್ತು ಬೈಕು. ನೋಡಿದವರಿಗೆ ಗೊತ್ತು ಅದರ ಹುಚ್ಚು. ಕುದುರೆ ಎದುರಿಗೆ ಬರುವಾಗ ಎದೆಯಲ್ಲಿ ಹಲಗೆ ಬಡಿದ ಹಾಗಾಗುತ್ತದೆ. ನಾನು ಈ ಹುಚ್ಚಿನವನೇ. ಬ್ಯಾಡ ಅನ್ನುವವರ ಪೈಕಿ ನಾನಲ್ಲ. ಅದಕ್ಕೇ ಸಿಟ್ಟು ಜಾಸ್ತಿ.

ಹೋದ ವರ್ಷ ಮಾರ್ಚಿನಲ್ಲಿ ಟಿಕೋಟಾ ಆಚೆಯ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ಎಲ್ಲ ಊರುಗಳದೂ ಇದೇ ಕತೆ. ಜೊತೆಗೆ ವಿಜಯಪುರದ ಒಬ್ಬ ಚಾಚಾ. ಗೋಳಗುಮ್ಮಟದ ಮುಂದೆ ಮೂವತ್ತು ವರ್ಷ ಟಾಂಗಾ ಹೊಡೆದವರು. ಈಗ ಟಾಂಗಾ ಇಲ್ಲ, ಮೊಣಕಾಲು ನೋವಿದೆ, ಸಕ್ಕರೆ ಕಾಯಿಲೆ ಇದೆ, ಕುದುರೆ ಎಂದರೆ ಇನ್ನೂ ಜೀವ.

ಮುಂಜಾನೆ ಎಂಟಕ್ಕೆ ಸರಿಯಾಗಿ ಅಂತ ಹ್ಯಾಂಡ್‌ಬಿಲ್ಲು. ನಾವು ಏಳೂವರೆಗೇ ಅಲ್ಲಿದ್ದೆವು. ಬೈಕು ನಿಲ್ಲಿಸಲು ದುಡ್ಡು ಕೊಟ್ಟು ಚೀಟಿ ಪಡೆದೆವು. ನಿಲ್ಲಿಸುವ ಜಾಗ ಯಾವುದು? ಒಬ್ಬ ಮುದುಕಿಯ ಹೊಲ. ಕೊಯ್ದು ಹಾಕಿದ ಜೋಳದ ಸಿವುಡಿನ ಮೇಲೆಯೇ ಬೈಕಿನ ಗಾಲಿ. ಆಕೆ ಓಡಾಡಿ ಕೈ ಮುಗಿಯುತ್ತಿದ್ದಳು: ‘ಯಪ್ಪಾ, ಇದು ನಮ್ಮ ದನದ ವರ್ಷದ ಕಣಿಕಿ ಐತ್ರೆಪ್ಪಾ, ತುಳೀಬ್ಯಾಡ್ರಿ.’ ಚೀಟಿ ಹರಿಯುವ ಹುಡುಗ ತಲೆ ಎತ್ತದೆ ಹೇಳಿದ, ‘ಅಜ್ಜಿ, ದೇವರ ಕೆಲಸ ಐತಿ, ಸುಮ್ನಿರು.’ ದುಡ್ಡು ಯಾರ ಕಿಸೆಗೆ ಹೋಯಿತೋ, ಆಕೆಗಂತೂ ಒಂದು ರೂಪಾಯಿ ಹೋಗಲಿಲ್ಲ. ನಾನೂ ನನ್ನ ಬೈಕು ಅಲ್ಲೇ ನಿಲ್ಲಿಸಿದೆ. ಅದನ್ನು ಮುಚ್ಚಿಡುವುದಿಲ್ಲ.

ಎಂಟು ಹೋಗಿ ಹತ್ತಾಯಿತು. ಹತ್ತು ಹೋಗಿ ಹನ್ನೊಂದೂವರೆ. ಸಾಹೇಬರು ಬರಬೇಕಂತೆ. ಸಾಹೇಬರು ಬಂದ ಮೇಲೆ ಸನ್ಮಾನ, ಸನ್ಮಾನದ ಮೇಲೆ ಭಾಷಣ. ಕುದುರೆಗಳು ಅಷ್ಟೂ ಹೊತ್ತು ಹೂಡಿಕೊಂಡೇ ಬಿಸಿಲಲ್ಲಿ ನಿಂತಿದ್ದವು, ಬಾಯಂಚಿನಲ್ಲಿ ಬಿಳಿ ನೊರೆ. ಮಂದಿ ರಸ್ತೆಯ ಎರಡೂ ದಂಡೆಗೆ. ಒಂದು ನೆರಳಿಲ್ಲ, ಒಂದು ನೀರಿನ ಟ್ಯಾಂಕರಿಲ್ಲ. ದಾರಿ ಬದಿಯ ಅಂಗಡಿಯವನು ನೀರಿನ ಬಾಟಲಿಯ ರೇಟು ಏರಿಸಿಬಿಟ್ಟಿದ್ದ. ಚಾಚಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, ‘ಬೇಟಾ, ಹೊರಗ ಹೋಗೂದ ಬಂದೈತಿ, ಎಲ್ಲಿ ಹೋಗ್ಲಿ?’ ಹತ್ತಾರು ಸಾವಿರ ಮಂದಿ ಕೂಡಿದ್ದ ಆ ಬಯಲಿನಲ್ಲಿ ಉತ್ತರ ಇರಲಿಲ್ಲ. ಮುದುಕ ಅರ್ಧ ಕಿಲೋಮೀಟರ್ ಕುಂಟುತ್ತ ದ್ರಾಕ್ಷಿ ತೋಟದ ಮರೆಗೆ ಹೋಗಿ ಬಂದರು. ಹೆಂಗಸರಿಗೆ ಆ ಮರೆಯೂ ಇಲ್ಲ. ಅದಕ್ಕೇ ಅವರು ಮಾಳಿಗೆ ಹತ್ತಿ ನೋಡುತ್ತಾರೆ. ‘ನಮ್ಮ ಹೆಣ್ಮಕ್ಕಳು ಮರ್ಯಾದಸ್ತರು’ ಅಂತ ಮೈಕಿನವನು ಅದನ್ನೂ ಹೊಗಳುತ್ತಾನೆ.

ಮಂದಿಗೂ ಓಟಕ್ಕೂ ನಡುವೆ ಏನೂ ಇರಲಿಲ್ಲ. ಗಳ ಇಲ್ಲ, ಹಗ್ಗ ಇಲ್ಲ, ಸುಣ್ಣದ ಗೆರೆ ಕೂಡ ಇಲ್ಲ. ‘ಮಂದಿ ಸರೀರಿ, ಗಾಡಿ ಬಂತ್ರಿ’ ಅಂತ ಮೈಕು ಅರಚುವುದೊಂದೇ ಬಂದೋಬಸ್ತು. ಎಲ್ಲಿಗೆ ಸರಿಯಬೇಕು? ಹಿಂದೆ ತಗ್ಗು, ತಗ್ಗಿನಾಚೆ ಮುಳ್ಳುತಂತಿ.

ಮೂರನೆಯ ಸುತ್ತಿನಲ್ಲಿ ಆಗಬಾರದ್ದು ಆಯಿತು. ಹಿಂದಿನ ಬೈಕೊಂದು ಮುಂದೆ ನುಗ್ಗಿ ಕುದುರೆಯ ಕಿವಿಗೇ ಹಾರ್ನ್ ಹೊಡೆಯಿತು. ಒಳಗಿನ ಕುದುರೆ ಬೆದರಿ ಎಡಕ್ಕೆ ಬಂತು. ಡಾಂಬರಿನ ಮೇಲೆ ನಾಲ ಜಾರಿದ ಸಪ್ಪಳ ಇನ್ನೂ ನನ್ನ ಹಲ್ಲಿನಲ್ಲಿದೆ. ಕುದುರೆ ಮುಂಗಾಲು ಮಡಚಿ ಬಿತ್ತು, ಗಾಡಿ ತಿರುವಿಕೊಂಡಿತು, ಗಾಲಿ ಒಬ್ಬ ಹುಡುಗನ ತೊಡೆಯ ಮೇಲೆ ಹೋಯಿತು. ಹದಿನೈದರ ಪೋರ. ಕೈಯಲ್ಲಿ ಚುರುಮುರಿ ಪೊಟ್ಟಣ ಇನ್ನೂ ಹಾಗೇ ಇತ್ತು. ಆಂಬುಲೆನ್ಸ್ ಎಲ್ಲಿ ಅಂದರೆ ‘ಫೋನ್ ಹಚ್ಚೇವ್ರಿ’ ಅಂದರು. ಕಡೆಗೆ ಅವನನ್ನು ಕಬ್ಬಿನ ಹಾಲಿನವನ ಟೆಂಪೋದಲ್ಲಿ ಸಿಪ್ಪೆಯ ಮೇಲೆ ಮಲಗಿಸಿ ವಿಜಯಪುರಕ್ಕೆ ಕಳಿಸಿದರು.

ಕುದುರೆ ಏಳಲಿಲ್ಲ. ಚಾಚಾ ಮಂದಿಯನ್ನು ದಬ್ಬಿಕೊಂಡು ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕುಳಿತರು. ಮೊಣಕಾಲಿನ ಚರ್ಮ ಸುಲಿದು ಬೆಳ್ಳಗೆ ಎಲುಬು ಕಾಣುತ್ತಿತ್ತು. ‘ದನದ ಡಾಕ್ಟರ್ ಯಾರರ ಅದಾರೇನ್ರೀ?’ ಎಂದು ಮೂರು ಸಲ ಕೂಗಿದರು. ನಾಲ್ಕು ಜನ ಬಂದು ಕುದುರೆಯನ್ನು ದಂಡೆಗೆ ಎಳೆದರು, ಒಬ್ಬ ಎರಡು ಬುಟ್ಟಿ ಮಣ್ಣು ತಂದು ರಕ್ತದ ಮೇಲೆ ಒಗೆದ, ಮೈಕಿನವನು ಮುಂದಿನ ಜೋಡಿಯ ಮಾಲೀಕರ ಹೆಸರು ಕರೆದ. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬೇಕು.

ಆಗ ನಾನು ವೇದಿಕೆ ಕಡೆ ನೋಡಿದೆ. ಹಗ್ಗ ಅಲ್ಲಿತ್ತು. ಹೊಚ್ಚ ಹೊಸ ನೈಲಾನ್ ಹಗ್ಗ, ಕಟ್ಟುಗಟ್ಟಲೆ. ಪೆಂಡಾಲ್ ಬಿಗಿಯಲು, ಸಾಹೇಬರ ಕಟೌಟ್ ಗಾಳಿಗೆ ಬೀಳದ ಹಾಗೆ ನಾಲ್ಕೂ ದಿಕ್ಕಿಗೆ ಎಳೆದು ಕಟ್ಟಲು, ಸೋಫಾದ ಸಾಲಿಗೆ ಮಂದಿ ನುಗ್ಗದ ಹಾಗೆ ಸುತ್ತ ಬೇಲಿ ಹಾಕಲು. ಪ್ಲಾಸ್ಟಿಕ್ ಮುಖ ಬೀಳಬಾರದು. ಹುಡುಗನ ತೊಡೆ ಮುರಿದರೆ ಅದು ಯಾವುದೇ ಅನಾಹುತ.

ಇದನ್ನು ನಮ್ಮ ಜಾನಪದ, ನಮ್ಮ ಪರಂಪರೆ ಅಂತ ಹೇಳಿ ಬಾಯಿ ಮುಚ್ಚಿಸುವವರಿದ್ದಾರೆ. ಪರಂಪರೆಯನ್ನೇ ತೆಗೆಯೋಣ. ಆದಿಲಶಾಹಿಗಳಿಗೆ ಕುದುರೆ ಎಂದರೆ ರಾಜ್ಯ. ಅರಬ್ಬೀ ಕುದುರೆ ಹಡಗಿನಿಂದ ಇಳಿಯುತ್ತಿದ್ದ ಗೋವೆಯನ್ನು 1510ರಲ್ಲಿ ಪೋರ್ಚುಗೀಸರು ಕಸಿದುಕೊಂಡಾಗ ಬಿಜಾಪುರಕ್ಕೆ ಆದ ನಷ್ಟ ಬರೀ ಒಂದು ಬಂದರಿನದಲ್ಲ. ಒಂದೊಂದು ಕುದುರೆಗೂ ಪರದೇಶಿಗಳ ಮುಖ ನೋಡಬೇಕಾಯಿತು. ಅಂಥ ನೆಲದಲ್ಲಿ ಈಗ ಬಿದ್ದ ಕುದುರೆಗೆ ಎರಡು ಬುಟ್ಟಿ ಮಣ್ಣು.

ಕಾನೂನಿನ ಮಾತು ಬಂದರೆ ಇನ್ನೂ ಜಾಣತನ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಲ್ಲಿಸಿತು. ನಮ್ಮ ಸರಕಾರ 2017ರಲ್ಲಿ ತಿದ್ದುಪಡಿ ತಂದಿತು, 2023ರ ಮೇ 18ರಂದು ಕೋರ್ಟು ಅದನ್ನು ಎತ್ತಿಹಿಡಿಯಿತು. ಅವತ್ತು ನಮ್ಮಲ್ಲಿ ಗುಲಾಲು ಎರಚಿದರು. ಆದರೆ ಆ ತಿದ್ದುಪಡಿಯಲ್ಲಿ ಇರುವುದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟದ ಹೆಸರು. ಕುದುರೆಯ ಹೆಸರಿಲ್ಲ. ಎತ್ತಿನ ಬೆನ್ನಿಗೆ ಕುದುರೆಯನ್ನೂ ಕಟ್ಟಿಕೊಂಡು ದಾಟಿಸುತ್ತಿದ್ದೇವೆ, ಅಷ್ಟೇ. ಇನ್ನು ಮಂದಿಯ ಹೆಸರು ಎಲ್ಲೂ ಇಲ್ಲ. ನೋಡಲು ಬಂದವನು ಎಲ್ಲಿ ನಿಲ್ಲಬೇಕು, ಏನು ಕುಡಿಯಬೇಕು, ಬಿದ್ದರೆ ಯಾರು ಎತ್ತಬೇಕು ಎಂಬುದನ್ನು ಕಮಿಟಿಯೂ ಕೇಳುವುದಿಲ್ಲ, ಕಮಿಟಿಗೆ ಒಪ್ಪಿಗೆ ಕೊಟ್ಟವರೂ ಕೇಳುವುದಿಲ್ಲ.

ಬೆಂಗಳೂರಿನ ರೇಸ್ ಕೋರ್ಸಿನಲ್ಲೇನು ಸಮಾನತೆ ಸುರಿಯುತ್ತಿಲ್ಲ. ಅಲ್ಲಿ ಮೆಂಬರುಗಳಿಗೆ ಒಂದು ಜಾಗ, ಟಿಕೀಟಿನವರಿಗೆ ಬೇರೆ ಜಾಗ. ಬಾಜಿಯ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರಿನಲ್ಲಿ ಶೇ 28ರಷ್ಟು ಜಿಎಸ್‌ಟಿ ಹೇರಿದವರಿಗೆ ಕೊಟ್ಟವನು ಕೂರುವ ಬೆಂಚಿನ ಚಿಂತೆ ಇತ್ತೆಂದು ನನಗೇನೂ ಅನಿಸಿಲ್ಲ. ಆದರೂ ಅಲ್ಲಿ ಓಟಕ್ಕೂ ಮಂದಿಗೂ ನಡುವೆ ಒಂದು ಬಿಳಿ ಕಟಾಂಜನ ಇದೆ. ಬಾಜಿ ಕಟ್ಟಿದವನ ಮೈಗೆ ಅಷ್ಟಾದರೂ ಬೆಲೆ. ಕ್ರಿಕೆಟ್ಟಿನವರಿಗೆ ಅದೂ ಸಿಗಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಕಪ್ಪು ನೋಡಲು ಬಂದ ಮಕ್ಕಳು. ಅಭಿಮಾನಿ ಅಂದರೆ ಫೋಟೋದ ಹಿಂದೆ ತುಂಬಬೇಕಾದ ತಲೆಗಳು ಅಂತ ತಿಳಿದವರು ಮಹಾನಗರದಲ್ಲೂ ಇದ್ದಾರೆ, ಮಡ್ಡಿಯ ಊರಿನಲ್ಲೂ ಇದ್ದಾರೆ.

ನಾವೇನು ಬಂಗಾರದ ಸಿಂಹಾಸನ ಕೇಳಿದೆವೇ? ಎರಡೂ ದಂಡೆಗೆ ಗಳ ನೆಟ್ಟು ಹಗ್ಗ. ಒಂದು ಟ್ಯಾಂಕರ್ ನೀರು. ನಾಲ್ಕು ತಗಡಿನ ಪಾಯಿಖಾನೆ. ಒಬ್ಬ ದನದ ಡಾಕ್ಟರು, ಒಂದು ಆಂಬುಲೆನ್ಸು. ಗಾಡಿ ಹಿಂದೆ ಬೈಕು ಬಿಡಬಾರದು. ಡಾಂಬರು ಬಿಟ್ಟು ಎರೆ ಹೊಲದ ಮೆತ್ತನೆ ಮಣ್ಣಿನಲ್ಲಿ ಓಡಿಸಬೇಕು, ಆ ಹೊಲದವನಿಗೆ ಬಾಡಿಗೆ ಕೊಡಬೇಕು. ಪ್ರಥಮ ಬಹುಮಾನದ ಅರ್ಧಕ್ಕೇ ಇದೆಲ್ಲ ಮುಗಿಯುತ್ತದೆ. ಬೇಕಾದರೆ ಡಿಜೆಯವನಿಗೆ ಕೊಟ್ಟದ್ದನ್ನು ಉಳಿಸಿ ಮಾಡಲಿ.

ಚಾಚಾ ಆಮೇಲೆ ಶರ್ಯತ್ತಿಗೆ ಬರಲಿಲ್ಲ. ಕರೆದರೆ ‘ಮೊಣಕಾಲು ಬೇಟಾ’ ಅನ್ನುತ್ತಾರೆ. ಯಾರ ಮೊಣಕಾಲು ಎಂದು ನಾನು ಕೇಳಿಲ್ಲ.

ಮೊನ್ನೆ ಅದೇ ಊರಿನ ಹುಡುಗರು ನಮ್ಮ ಓಣಿಗೆ ಪಟ್ಟಿ ಎತ್ತಲು ಬಂದಿದ್ದರು. ಈ ಸಲ ಬಹುಮಾನ ದೊಡ್ಡದಂತೆ, ಬುಲೆಟ್ ಗಾಡಿ. ರಸೀದಿ ಪುಸ್ತಕದ ಮೇಲೂ ಹೊಸ ಸಾಹೇಬರ ಮುಖ. ‘501 ಕೊಡ್ತೀನಿ, ಆದರ ರಸೀದಿ ಮ್ಯಾಲೆ ಹಗ್ಗಕ್ಕ ಅಂತ ಬರೀಬೇಕು’ ಅಂದೆ. ಹುಡುಗ ನಕ್ಕ. ‘ಯಾವ ಹಗ್ಗರೀ ಕಾಕಾ?’ ಅಂದ.